ಸೋಪು ಮಾಡಿದ ಗೋಡೆ

ತಿಪಟೂರಿನ ಓದುಗರೊಬ್ಬರು ಸಿಟ್ಟಿನಲ್ಲೇ ಪತ್ರ ಬರೆದಿದ್ದಾರೆ. ಹೊಸ ಮನೆ. ಒಗ್ಗರಣೆಯ ಜಿಡ್ಡು ಒರೆಸಲು ಸುಲಭವಾಗಲಿ ಎಂದು ಅಡುಗೆಮನೆಗೆ ಆಯಿಲ್ ಪೇಂಟ್ ಹೊಡೆಸಿದ್ದಾರೆ. ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಮೆತ್ತಗಾಗಿದೆ, ಬೆರಳಿಟ್ಟರೆ ಅಂಟುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಲೋಳೆಯಂತೆ ಜಾರುತ್ತದೆ. "ಪೇಂಟರ್ ಸೀಮೆಎಣ್ಣೆ ಬೆರೆಸಿ ಮೋಸ ಮಾಡಿದ್ದಾನೆ, ಬಾಕಿ ದುಡ್ಡು ಕೊಟ್ಟಿಲ್ಲ. ನಿಯತ್ತಿನ ಪೇಂಟರನ್ನು ಹುಡುಕುವುದು ಹೇಗೆ?" ಎಂದು ಕೇಳಿದ್ದಾರೆ.

ಪತ್ರದಲ್ಲಿ ನನ್ನ ಕಣ್ಣು ನಿಂತದ್ದು 'ಜಾರುತ್ತದೆ' ಎಂಬ ಮಾತಿನ ಮೇಲೆ. ಸ್ವಾಮಿ, ನಿಮ್ಮ ಗೋಡೆ ಸೋಪು ತಯಾರಿಸಿದೆ!

ತಮಾಷೆಯಲ್ಲ. ಸೋಪು ಮಾಡಲು ಬೇಕಾದ್ದು ಎಣ್ಣೆ, ಕ್ಷಾರ, ಒಂದಿಷ್ಟು ನೀರು. ಆಯಿಲ್ ಪೇಂಟಿನ ಅಂಟಿನಲ್ಲಿ ಅಗಸೆ, ಸೋಯಾ ಇಂಥ ಎಣ್ಣೆಗಳ ಕೊಬ್ಬಿನಾಮ್ಲಗಳು ಕೂಡಿಕೊಂಡಿರುತ್ತವೆ. ಕ್ಷಾರ ಹೊಸ ಗಿಲಾಯಿಯಲ್ಲೇ ಇದೆ. ಸಿಮೆಂಟು ನೀರು ಕುಡಿದು ಗಟ್ಟಿಯಾಗುವಾಗ ಒಳಗೆ ಧಾರಾಳವಾಗಿ ಸುಣ್ಣ ಹುಟ್ಟುತ್ತದೆ. ಹಸಿ ಗೋಡೆಯ ತೇವದ ಪಿಎಚ್ 12 ದಾಟಿರುತ್ತದೆ. ಗಾರೆ ಕೆಲಸದವರ ಬೆರಳ ತುದಿ ಸುಟ್ಟಂತಾಗುವುದು ಇದರಿಂದಲೇ. ಮೂರನೆಯದಾದ ನೀರು ನಿಮ್ಮ ಗೋಡೆಯೊಳಗೇ ಇನ್ನೂ ಆರದೆ ಕುಳಿತಿತ್ತು, ಮಳೆಗಾಲ ಮತ್ತಷ್ಟು ಕೊಟ್ಟಿತು. ಸೋಪಿನ ಕಾರ್ಖಾನೆಯಲ್ಲಿ ಎಣ್ಣೆಗೆ ಕಾಸ್ಟಿಕ್ ಸೋಡಾ ಹಾಕಿ ಕಾಯಿಸುತ್ತಾರೆ. ನಿಮ್ಮ ಅಡುಗೆಮನೆ ಅದನ್ನೇ ಒಲೆಯಿಲ್ಲದೆ, ನಿಧಾನವಾಗಿ ಮಾಡಿದೆ. ಸಿಮೆಂಟಿನಲ್ಲಿ ಸೋಡಿಯಂ, ಪೊಟ್ಯಾಸಿಯಂ ಕ್ಷಾರಗಳೂ ಕೊಂಚ ಇರುತ್ತವಲ್ಲ, ಆ ಜಾರಿಕೆ ಅವುಗಳ ಕೊಡುಗೆ.

ಹಾಗಾದರೆ ಹಳೆಯ ಮನೆಗಳ ಆಯಿಲ್ ಪೇಂಟ್ ಇಪ್ಪತ್ತು ವರ್ಷ ಅಲುಗದೆ ಇರುವುದು ಹೇಗೆ? ಗೋಡೆಗೂ ವಯಸ್ಸಾಗುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗಿಳಿದು ಸುಣ್ಣವನ್ನು ಸುಣ್ಣಕಲ್ಲಾಗಿಸುತ್ತದೆ, ಕ್ಷಾರದ ಹಲ್ಲು ಮೊಂಡಾಗುತ್ತದೆ. ಆದರೆ ಗಾಳಿಯ ಹತ್ತು ಸಾವಿರ ಅಣುಗಳಲ್ಲಿ ಆ ಅನಿಲದ್ದು ನಾಲ್ಕು ಚಿಲ್ಲರೆ ಮಾತ್ರ. ಅವಸರ ಮಾಡಿದರೆ ನಡೆಯುವ ಕೆಲಸವಲ್ಲ.

ಅವಸರ ಮಾಡುವವರು ನಾವು. "ಶ್ರಾವಣದ ಮುಹೂರ್ತ ತಪ್ಪಿದರೆ ಮತ್ತೆ ಕಾರ್ತಿಕಕ್ಕೇ" ಎಂದು ಪಂಚಾಂಗ ಮುಚ್ಚಿದ ಕೂಡಲೇ ಗಿಲಾಯಿ, ಪುಟ್ಟಿ, ಪೇಂಟ್ ಎಲ್ಲ ಮೂರು ವಾರದಲ್ಲಿ ಮುಗಿಯಬೇಕು. ಸಿಮೆಂಟಿಗೆ ಪಂಚಾಂಗ ಓದಲು ಬಾರದು. ಆಗ್ನೇಯದ ಗೋಡೆಗೆ ಯಾವ ಬಣ್ಣ ಶುಭ ಎಂದೂ ಇದೇ ಓದುಗರು ಕೇಳಿದ್ದಾರೆ. ಆರಿದ ಗೋಡೆಗೆ ಯಾವುದಾದರೂ ಶುಭವೇ.

ಗೋಡೆ ಬಣ್ಣಕ್ಕೆ ಸಿದ್ಧವಾಗಿದೆಯೋ ಇಲ್ಲವೋ ತಿಳಿಸುವ ಸಾಮಗ್ರಿ ಗೃಹಪ್ರವೇಶದ ತಟ್ಟೆಯಲ್ಲೇ ಇರುತ್ತದೆ, ಅದೇ ಅರಿಶಿನ. ನಮ್ಮ ಮನೆಯ ಗೃಹಪ್ರವೇಶದಂದು ಸೋದರತ್ತೆ ಬಾಗಿಲ ಪಕ್ಕದ ಬರಿ ಗಿಲಾಯಿಯ ಮೇಲೆ ಕಲಸಿದ ಅರಿಶಿನದ ಬೊಟ್ಟಿಟ್ಟರು. ನೋಡನೋಡುತ್ತ ಅದು ಇಟ್ಟಿಗೆಯಂತೆ ಕೆಂಪಾಯಿತು. ಹಿರಿಯರೊಬ್ಬರು "ದೃಷ್ಟಿಯಾಗಿದೆ" ಎಂದು ಪಿಸುಗುಟ್ಟಿದರು. ಪರಿಹಾರಕ್ಕೆ ಏನು ತಂದರು ಅಂತೀರಿ? ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಕದಡಿದ ಕೆಂಪು ಆರತಿ! ತಟ್ಟೆಯಲ್ಲೂ ಗೋಡೆಯಲ್ಲೂ ಒಂದೇ ರಸಾಯನಕ್ರಿಯೆ. ಅರಿಶಿನದ ಕರ್ಕ್ಯುಮಿನ್ ಕ್ಷಾರ ಕಂಡೊಡನೆ ಹಳದಿ ಬಿಟ್ಟು ಕೆಂಪಿಗೆ ತಿರುಗುತ್ತದೆ. ಅಂಗಿಯ ಮೇಲಿನ ಸಾರಿನ ಕಲೆ ಸೋಪು ಹಚ್ಚಿದಾಗ ಕೆಂಪಗಾಗುವುದೂ ಹೀಗೆಯೇ.

ನೀವೂ ಮಾಡಿ ನೋಡಿ. ಮೆಡಿಕಲ್ ಅಂಗಡಿಯ ಸ್ಪಿರಿಟ್ಟಿನಲ್ಲಿ ಅರಿಶಿನ ಕಲಸಿ (ನೀರಿನಲ್ಲಿ ಕರ್ಕ್ಯುಮಿನ್ ಸರಿಯಾಗಿ ಕರಗದು), ಬಿಳಿ ಕಾಗದದ ಚೂರನ್ನು ಅದ್ದಿ ಒಣಗಿಸಿಟ್ಟುಕೊಳ್ಳಿ. ಗೋಡೆಯನ್ನು ಮೊಳೆಯಿಂದ ಚೂರು ಗೀರಿ, ಬರಿ ಮೇಲ್ಮೈ ನಂಬಬೇಡಿ, ಅದು ಎಲ್ಲಕ್ಕಿಂತ ಮೊದಲು ಪಳಗಿರುತ್ತದೆ. ಗೀರಿದಲ್ಲಿ ನೀರು ಸವರಿ ಕಾಗದ ಒತ್ತಿ. ಕೆಂಪಾದರೆ ಆಯಿಲ್ ಪೇಂಟ್ ಮಾತೆತ್ತಬೇಡಿ. ಕಾಂಕ್ರೀಟನ್ನು ಪರೀಕ್ಷಿಸುವ ಎಂಜಿನಿಯರುಗಳು ಫೀನಾಲ್ಫ್ತಲೀನ್ ಸಿಂಪಡಿಸಿ ನೋಡುವುದೂ ಇದನ್ನೇ, ಅವರ ಬಣ್ಣ ಗುಲಾಬಿ, ಅಷ್ಟೇ.

ನೀರಿನ ಎಮಲ್ಷನ್ ಪೇಂಟಿನ ಅಕ್ರಿಲಿಕ್ಕಿಗೆ ಕ್ಷಾರ ತಡೆಯುವ ಶಕ್ತಿ ಹೆಚ್ಚು. ಆದರೂ ಗಿಲಾಯಿಯಾಗಿ ಕನಿಷ್ಠ 28 ದಿನ ಬಿಡಿ, ಕ್ಷಾರ ತಡೆವ ಪ್ರೈಮರ್ ಹೊಡೆಸಿ. ಹಳೆಯ ಸುಣ್ಣದ ಬಳಿತಕ್ಕೆ ಈ ಜಗಳವೇ ಇರಲಿಲ್ಲ, ಸುಣ್ಣಕ್ಕೆ ಸುಣ್ಣ ನೆಂಟ. ಅದಕ್ಕೆ ಬೆರೆಸುತ್ತಿದ್ದ ನೀಲಿಯೂ ಜಾಣ ಆಯ್ಕೆ. ಆ ಅಲ್ಟ್ರಾಮರೀನ್ ಕ್ಷಾರಕ್ಕೆ ಜಗ್ಗದು. ಪ್ರಷ್ಯನ್ ನೀಲಿಯಾಗಿದ್ದರೆ ಸುಣ್ಣದಲ್ಲಿ ಕಂದಾಗಿ ಹೋಗುತ್ತಿತ್ತು.

ಈಗ ಪೇಂಟರ್ ವಿಚಾರ. ಚದರಡಿಗೆ ಎಷ್ಟು, ಲೇಬರ್ ಮಾತ್ರವೋ ಸಾಮಾನೂ ಸೇರಿಯೋ ಎಂಬ ಚೌಕಾಸಿ ಎಲ್ಲರೂ ಬಲ್ಲರು. ರೇಟು ಹೇಳುವ ಮೊದಲು "ಗಿಲಾಯಿ ಆಗಿ ಎಷ್ಟು ದಿನ ಆಯ್ತು ಸಾರ್?" ಎಂದು ಕೇಳಿ, ಗೋಡೆಯನ್ನು ಅಂಗೈಯಲ್ಲಿ ಸವರಿ ನೋಡುವಾತ ಸಿಕ್ಕರೆ ಬಿಡಬೇಡಿ. "ನಾಳೆಯಿಂದಲೇ ಶುರು" ಎನ್ನುವವನಿಗೆ ಕಾಫಿ ಕೊಟ್ಟು ಕಳಿಸಿ.

ನಿಮ್ಮ ಗೋಡೆಯ ಮೇಲೆ ಇನ್ನೊಂದು ಕೋಟ್ ಹೊಡೆಸಿದರೆ ಇನ್ನಷ್ಟು ಸೋಪು. ಇರುವುದನ್ನೆಲ್ಲ ಕೆರೆಸಿ ತೆಗೆದು, ಬೇಸಿಗೆ ಕಳೆಯುವವರೆಗೆ ಬರಿಗೋಡೆಯಾಗಿಯೇ ಬಿಡಿ. ಪೇಂಟರ್ ಬಾಕಿಯಲ್ಲಿ ಅರ್ಧ ಕೊಟ್ಟುಬಿಡಿ. ಕೇಳಬೇಕಾದ್ದನ್ನು ಕೇಳದ ತಪ್ಪಿಗೆ ಇನ್ನರ್ಧ ಹಿಡಿದರೆ ನಾನು ಬೇಡವೆನ್ನಲಾರೆ. ಕೆರೆಸುವ ಖರ್ಚನ್ನು ಮುಹೂರ್ತ ಇಟ್ಟುಕೊಟ್ಟವರ ಹತ್ತಿರ ಕೇಳಿ ನೋಡಿ.