ಕತ್ತರಿಸಿದ ಟೋಪಿ ಮತ್ತು ರೈಲಿನ ಸರಪಳಿ: ಲಂಡನ್ನಿನ ಒಂದು ಕೊಲೆಯ ಕಥೆ

ರೈಲು ಬೋಗಿಯಲ್ಲಿ ತಲೆಯ ಮೇಲೆ ತೂಗುವ ಅಪಾಯ ಸೂಚಕ ಸರಪಳಿಯನ್ನು ನೋಡದವರಿಲ್ಲ, ಎಳೆದವರು ಮಾತ್ರ ವಿರಳ. ಇಂತಹ ಸಾಧನವೊಂದು ಪ್ರಯಾಣಿಕರ ಕೈಗೆ ಎಟುಕುವಂತಿರಬೇಕು ಎಂಬ ಬೇಡಿಕೆಗೆ ಬ್ರಿಟನ್ನಿನಲ್ಲಿ ಬಲ ಬಂದದ್ದು, ರಾಣಿ ವಿಕ್ಟೋರಿಯಾ ಕಾಲದ ಲಂಡನ್ನಿನಲ್ಲಿ ಹರಿದ ರಕ್ತದಿಂದ.

1864ರ ಜುಲೈ 9, ಶನಿವಾರ. ಬ್ಯಾಂಕೊಂದರ ಮುಖ್ಯ ಗುಮಾಸ್ತರಾಗಿದ್ದ 69 ವರ್ಷದ ಥಾಮಸ್ ಬ್ರಿಗ್ಸ್, ಹ್ಯಾಕ್ನಿಯಲ್ಲಿದ್ದ ಮನೆಗೆ ಮರಳಲು ಫೆಂಚರ್ಚ್ ಸ್ಟ್ರೀಟ್ ನಿಲ್ದಾಣದಲ್ಲಿ ರಾತ್ರಿಯ ರೈಲು ಹತ್ತಿದರು. ಪ್ರಥಮ ದರ್ಜೆ, ಕೆಲವೇ ನಿಮಿಷಗಳ ಪಯಣ. ರೈಲು ಹ್ಯಾಕ್ನಿ ತಲುಪಿದಾಗ ಆ ಕಂಪಾರ್ಟ್‌ಮೆಂಟಿನ ಬಾಗಿಲು ತೆರೆದು ಒಳಗೆ ಕುಳಿತ ಇಬ್ಬರು ಯುವಕರ ಕೈಗೆ ರಕ್ತ ಮೆತ್ತಿಕೊಂಡಿತು. ಅಲ್ಲಿ ಒಂದು ಚೀಲ, ಒಂದು ಊರುಗೋಲು ಮತ್ತು ಒಂದು ಟೋಪಿ ಇದ್ದವು. ಮನುಷ್ಯರಾರೂ ಇರಲಿಲ್ಲ. ಅಷ್ಟರಲ್ಲಿ ಎದುರು ದಿಕ್ಕಿನಿಂದ ಬರುತ್ತಿದ್ದ ರೈಲಿನ ಚಾಲಕ, ಬೋ ಮತ್ತು ಹ್ಯಾಕ್ನಿ ವಿಕ್ ನಡುವೆ ಹಳಿಗಳ ಮೇಲೆ ಬಿದ್ದಿದ್ದ ದೇಹವನ್ನು ಕಂಡಿದ್ದ. ಬ್ರಿಗ್ಸ್ ಮರುದಿನ ರಾತ್ರಿ ಕೊನೆಯುಸಿರೆಳೆದರು. ಚಿನ್ನದ ಗಡಿಯಾರ, ಅದರ ಸರಪಳಿ, ಕನ್ನಡಕ ಮತ್ತು ಅವರ ಟೋಪಿ ಕಾಣೆಯಾಗಿದ್ದವು. ಕಂಪಾರ್ಟ್‌ಮೆಂಟಿನಲ್ಲಿ ಸಿಕ್ಕಿದ ಟೋಪಿ ಅವರದಲ್ಲ. ಬ್ರಿಟನ್ನಿನ ರೈಲುಗಳಲ್ಲಿ ನಡೆದ ಮೊದಲ ಕೊಲೆಯೆಂದು ಇದು ದಾಖಲಾಗಿದೆ.

ಅಂದಿನ ಬೋಗಿಗಳ ರಚನೆಯನ್ನು ಅರಿಯದೆ ಲಂಡನ್ ಬೆಚ್ಚಿದ್ದೇಕೆಂಬುದು ತಿಳಿಯದು. ಪ್ರತಿ ಕಂಪಾರ್ಟ್‌ಮೆಂಟೂ ಒಂದು ಪ್ರತ್ಯೇಕ ಕೋಣೆ. ಎರಡು ಪಕ್ಕಗಳಲ್ಲಿ ಬಾಗಿಲು, ಒಂದರಿಂದ ಇನ್ನೊಂದಕ್ಕೆ ಹೋಗುವ ಓಣಿಯಿಲ್ಲ. ರೈಲು ಹೊರಟಿತೆಂದರೆ ಮುಂದಿನ ನಿಲ್ದಾಣದವರೆಗೆ ಒಳಗಿದ್ದವರಿಗೆ ಹೊರಜಗತ್ತಿನ ಸಂಪರ್ಕವೇ ಇಲ್ಲ. ಹೆಚ್ಚು ಹಣ ತೆತ್ತು ಪ್ರಥಮ ದರ್ಜೆಯಲ್ಲಿ ಕೂರುತ್ತಿದ್ದವರು ಬಯಸಿದ್ದೂ ಇಂಥ ಏಕಾಂತವನ್ನೇ. ಪಕ್ಕದಲ್ಲಿ ಕುಳಿತ ಅಪರಿಚಿತ ಯಾರು ಎಂಬ ಪ್ರಶ್ನೆ ಈಗ ಅವರನ್ನೇ ಕಾಡತೊಡಗಿತು.

ಕೊಲೆಗಾರನ ಸುಳಿವಿಗೆ 300 ಪೌಂಡ್ ಬಹುಮಾನ ಘೋಷಣೆಯಾಯಿತು. ಚೀಪ್‌ಸೈಡ್ ಬೀದಿಯ ಆಭರಣ ವ್ಯಾಪಾರಿ ಜಾನ್ ಡೆತ್ (ಪತ್ರಿಕೆಗಳಿಗೆ ಈ ಹೆಸರೇ ಹಬ್ಬವಾಯಿತು) ಮುಂದೆ ಬಂದು, ಸೋಮವಾರ ವಿದೇಶಿಯೊಬ್ಬ ಬ್ರಿಗ್ಸ್ ಅವರ ಸರಪಳಿಯನ್ನು ಕೊಟ್ಟು ಬೇರೊಂದು ಸರಪಳಿ ಮತ್ತು ಉಂಗುರ ಪಡೆದನೆಂದು ತಿಳಿಸಿದ. ಕೆಲ ದಿನಗಳ ನಂತರ ಬಾಡಿಗೆ ಬಂಡಿ ಓಡಿಸುತ್ತಿದ್ದ ಜೊನಾಥನ್ ಮ್ಯಾಥ್ಯೂಸ್ ಎಂಬಾತನಿಗೆ, ತನ್ನ ಮಗಳ ಕೈಯಲ್ಲಿ ಆಟದ ಸಾಮಾನಾಗಿದ್ದ ಪುಟ್ಟ ಪೆಟ್ಟಿಗೆಯ ಮೇಲೆ ಅದೇ 'ಡೆತ್' ಹೆಸರಿದ್ದುದು ನೆನಪಾಯಿತು. ಅದನ್ನು ಕೊಟ್ಟವನು ಫ್ರಾಂಜ್ ಮುಲ್ಲರ್ ಎಂಬ ಜರ್ಮನ್ ದರ್ಜಿ. ಕಂಪಾರ್ಟ್‌ಮೆಂಟಿನಲ್ಲಿ ಸಿಕ್ಕಿದ ಟೋಪಿಯನ್ನು ಅವನಿಗಾಗಿ ಕೊಂಡುತಂದದ್ದೂ ತಾನೇ ಎಂದು ಮ್ಯಾಥ್ಯೂಸ್ ಹೇಳಿದ.

ಅಷ್ಟರಲ್ಲಿ ಮುಲ್ಲರ್ 'ವಿಕ್ಟೋರಿಯಾ' ಎಂಬ ಹಾಯಿಹಡಗಿನಲ್ಲಿ ನ್ಯೂಯಾರ್ಕಿಗೆ ಹೊರಟಾಗಿತ್ತು. ಇನ್‌ಸ್ಪೆಕ್ಟರ್ ರಿಚರ್ಡ್ ಟ್ಯಾನರ್ ಸಾಕ್ಷಿಗಳನ್ನು ಕರೆದುಕೊಂಡು ಉಗಿಹಡಗು ಹತ್ತಿದರು. ಹಾಯಿಗಿಂತ ಉಗಿಯ ವೇಗ ಹೆಚ್ಚು. ತಡವಾಗಿ ಹೊರಟ ಪೊಲೀಸರು ಆರೋಪಿಗಿಂತ ಸುಮಾರು ಮೂರು ವಾರ ಮೊದಲೇ ನ್ಯೂಯಾರ್ಕ್ ಸೇರಿ ಅವನ ದಾರಿ ಕಾಯುತ್ತ ಕುಳಿತರು. ಹಡಗು ಬಂದಾಗ ಅವನ ಸಾಮಾನಿನಲ್ಲಿ ಬ್ರಿಗ್ಸ್ ಅವರ ಗಡಿಯಾರವೂ ಒಂದು ಟೋಪಿಯೂ ದೊರೆತವು.

ವಿಚಾರಣೆ ಸುತ್ತಿದ್ದು ಈ ಟೋಪಿಯ ಸುತ್ತಲೇ. ಅದರ ಎತ್ತರವನ್ನು ಒಂದೂವರೆ ಇಂಚಿನಷ್ಟು ಕತ್ತರಿಸಿ ಮತ್ತೆ ಹೊಲಿಯಲಾಗಿತ್ತು. ಮಾಲೀಕನ ಹೆಸರು ಬರೆಯುವ ಜಾಗವೇ ಹಾಗೆ ಮಾಯವಾಗಿತ್ತು. ಹೊಲಿಗೆ ನೀಟಾಗಿತ್ತು, ಆದರೆ ಟೋಪಿ ತಯಾರಕರ ರೀತಿಯದಾಗಿರಲಿಲ್ಲ. ದರ್ಜಿಯ ಕೈಕಸುಬೇ ಅವನಿಗೆ ಮುಳುವಾಯಿತು ಎನ್ನಬೇಕು. ಹಳೆಯ ಟೋಪಿಗಳನ್ನು ಹೀಗೆ ಕತ್ತರಿಸಿ ಮಾರುವುದು ರೂಢಿಯಲ್ಲಿತ್ತು, ಮ್ಯಾಥ್ಯೂಸ್ ಬಹುಮಾನದ ಆಸೆಗೆ ಬಿದ್ದವನು ಎಂದು ಪ್ರತಿವಾದಿ ವಕೀಲರು ವಾದಿಸಿದರು. ಆ ರಾತ್ರಿ ಬ್ರಿಗ್ಸ್ ಜತೆ ಕಂಪಾರ್ಟ್‌ಮೆಂಟಿನಲ್ಲಿ ಇಬ್ಬರು ಕುಳಿತಿದ್ದುದನ್ನು ಕಂಡೆನೆಂದು ಅವರ ಪರಿಚಿತರೊಬ್ಬರು ಸಾಕ್ಷ್ಯ ನುಡಿದರು. ಅದು ಲೆಕ್ಕಕ್ಕೆ ಬರಲಿಲ್ಲ.

ಮುಲ್ಲರ್ ತನ್ನ ಪರವಾಗಿ ತಾನೇ ಸಾಕ್ಷ್ಯ ಹೇಳುವಂತಿರಲಿಲ್ಲ. ಕೊಲೆ ಆರೋಪಿಗೆ ಆ ಹಕ್ಕು ಇಂಗ್ಲೆಂಡಿನಲ್ಲಿ ಸಿಕ್ಕಿದ್ದು 1898ರಲ್ಲಿ. ಮೇಲ್ಮನವಿ ನ್ಯಾಯಾಲಯಕ್ಕೆ ಕಾನೂನು ಬಂದದ್ದು 1907ರಲ್ಲಿ. ಅಕ್ಟೋಬರ್ ಕೊನೆಯಲ್ಲಿ ಮೂರು ದಿನ ನಡೆದ ವಿಚಾರಣೆಯ ಬಳಿಕ ಜ್ಯೂರಿ ಕಾಲು ಗಂಟೆಯಲ್ಲಿ ಅಪರಾಧಿ ಎಂದು ತೀರ್ಮಾನಿಸಿತು. ಸಾಕ್ಷ್ಯ ಬಲವಾಗಿಯೇ ಇತ್ತು, ಆದರೆ ಒಂದು ಪ್ರಾಣದ ಮೇಲಿನ ತೀರ್ಪಿಗೆ ಆ ಕಾಲು ಗಂಟೆ ಇಂದಿನ ಓದುಗನಿಗೆ ತೀರಾ ಕಿರಿದೆನಿಸದಿರದು.

ನವೆಂಬರ್ 14ರ ಬೆಳಿಗ್ಗೆ ನ್ಯೂಗೇಟ್ ಸೆರೆಮನೆಯ ಹೊರಗೆ ಗಲ್ಲು. ನೆರೆದವರು ಸುಮಾರು 50 ಸಾವಿರ. ಕೊನೆಯ ಕ್ಷಣದಲ್ಲಿ ಅವನು ಜರ್ಮನ್ ಭಾಷೆಯಲ್ಲಿ 'ನಾನೇ ಮಾಡಿದೆ' ಎಂದನೆಂದು ಜತೆಗಿದ್ದ ಪಾದ್ರಿ ಹೇಳಿದರು. ಜನಸಂದಣಿಯಲ್ಲಿ ಕುಡಿತ, ಜೇಬುಗಳ್ಳತನ, ಹೊಡೆದಾಟ ಯಾವುದಕ್ಕೂ ಕೊರತೆಯಿರಲಿಲ್ಲ. ಪತ್ರಿಕೆಗಳು ಅದನ್ನು ಹೇಸಿಗೆಯಿಂದಲೇ ವರದಿ ಮಾಡಿದವು. ಬಹಿರಂಗ ಗಲ್ಲು ಬೇಡವೆಂಬ ಕೂಗು ಮೊದಲೇ ಇತ್ತು. 1868ರಲ್ಲಿ ಅದು ನಿಂತಿತು.

ಲಂಡನ್ನಿನ ಯುವಕರು ಮಾತ್ರ ಗಿಡ್ಡ ಟೋಪಿಯನ್ನು ಮುಲ್ಲರನ ಹೆಸರಿನಲ್ಲೇ ಕರೆದು ತೊಟ್ಟು ಮೆರೆದರು. ಒಂದು ರೈಲ್ವೆ ಕಂಪನಿ ಕಂಪಾರ್ಟ್‌ಮೆಂಟುಗಳ ನಡುವಣ ಗೋಡೆಯಲ್ಲಿ ದುಂಡು ಕಿಟಕಿ ಕೊರೆಯಿತು. ಅದಕ್ಕೂ ಮುಲ್ಲರನದೇ ಹೆಸರು. ಪಕ್ಕದವರು ಇಣುಕುತ್ತಾರೆಂಬ ದೂರು ಬರಲು ಬಹಳ ಕಾಲ ಹಿಡಿಯಲಿಲ್ಲ.

ಪ್ರಯಾಣಿಕರು ರೈಲು ಸಿಬ್ಬಂದಿಯನ್ನು ಎಚ್ಚರಿಸುವ ಸಾಧನ ಇರಲೇಬೇಕೆಂದು ಬ್ರಿಟಿಷ್ ಸಂಸತ್ತು ವಿಧಿಸಿದ್ದು ಕೂಡ 1868ರಲ್ಲೇ. ಆದರೆ ನಿಲ್ಲದೆ 20 ಮೈಲಿಗಿಂತ ಹೆಚ್ಚು ದೂರ ಓಡುವ ರೈಲುಗಳಿಗೆ ಮಾತ್ರ ಅದು ಅನ್ವಯಿಸುತ್ತಿತ್ತು. ಬ್ರಿಗ್ಸ್ ಹತ್ತಿದ ರೈಲು ಕೆಲವೇ ನಿಮಿಷಗಳಿಗೊಮ್ಮೆ ನಿಲ್ಲುವಂಥದ್ದು.