ಸಂತೆಯ ದರ, ಸಂತೆಯ ಕರ

ಒಂದೇ ಬುಟ್ಟಿಯ ಬದನೆಕಾಯಿಗೆ ಸಂತೆಯಲ್ಲಿ ಬೆಳಿಗ್ಗೆ ಒಂದು ದರ, ಮಟಮಟ ಮಧ್ಯಾಹ್ನ ಇನ್ನೊಂದು, ದೀಪ ಹಚ್ಚುವ ಹೊತ್ತಿಗೆ ಮತ್ತೊಂದು. ಎಲ್ಲ ಮಾರುವವರ ಮರ್ಜಿ ಎಂದುಕೊಳ್ಳುವವರೇ ಹೆಚ್ಚು. ಮರ್ಜಿಯ ಪಾಲು ಅದರಲ್ಲಿ ಬಹಳ ಕಡಿಮೆ. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ವಾರದ ಸಂತೆಗಳು ನಡೆಯುವ ಬಗೆ ಗೊತ್ತಿದ್ದರೆ ಈ ಏರಿಳಿತಕ್ಕೆ ಕಾರಣವೂ ಸಿಗುತ್ತದೆ, ಕಿಸೆಯಲ್ಲಿ ನಾಲ್ಕು ಕಾಸೂ ಉಳಿಯುತ್ತದೆ.

ಮೂರೂ ಊರು 150ಎ ರಾಷ್ಟ್ರೀಯ ಹೆದ್ದಾರಿಯ ಮೇಲಿವೆ, ನಡುವೆ ಮಸ್ಕಿ. ಸಿಂಧನೂರಿನಿಂದ ಲಿಂಗಸುಗೂರಿಗೆ ಹೆಚ್ಚೆಂದರೆ 55 ಕಿ.ಮೀ. ಆಸುಪಾಸು. ಅಷ್ಟು ದಾರಿಯಲ್ಲೇ ಸೀಮೆ ಬದಲಾಗುತ್ತದೆ. ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ನಾಡು. ಅಲ್ಲಿ ಬೆಳೆಯ ಮಾತೆಲ್ಲ 75 ಕೆ.ಜಿ. ಚೀಲದ ಲೆಕ್ಕದಲ್ಲಿ. ಮಸ್ಕಿ ದಾಟಿ ಲಿಂಗಸುಗೂರಿನತ್ತ ಹೋದಂತೆ ಮಳೆ ನಂಬಿದ ತೊಗರಿ, ಸಜ್ಜೆ, ಬಿಳಿಜೋಳ, ಸೂರ್ಯಕಾಂತಿಯ ಹೊಲಗಳು ಹೆಚ್ಚುತ್ತವೆ. ನೀರಾವರಿಯವರಿಗೂ ರೊಟ್ಟಿಗೆ ಜೋಳ ಬೇಕು, ಒಣಬೇಸಾಯದವರಿಗೂ ಅನ್ನಕ್ಕೆ ಅಕ್ಕಿ ಬೇಕು. ಈ ಕೊಡುಕೊಳೆಯೇ ಇಲ್ಲಿನ ಸಂತೆಗಳ ಬೇರು.

ಸಂತೆಯ ದಿನವನ್ನು ಇಲ್ಲಿ ‘ವಾರ’ ಎಂದೇ ಕರೆಯುತ್ತಾರೆ. ಅಕ್ಕಪಕ್ಕದ ಊರುಗಳ ವಾರಗಳು ಒಂದರ ಮೇಲೊಂದು ಬೀಳಬಾರದು ಎಂಬುದು ಹಳೆಯ ಏರ್ಪಾಡು. ಬಳೆ, ಬಟ್ಟೆ, ಸ್ಟೀಲ್ ಪಾತ್ರೆ, ಬಳ್ಳೊಳ್ಳಿ, ಒಣಮೆಣಸಿನಕಾಯಿ, ಒಣಮೀನು ಮಾರುವವರು ಒಂದೇ ಮೂಟೆಯನ್ನು ಟಂಟಂಗೆ ಹಾಕಿಕೊಂಡು ಊರಿಂದೂರಿಗೆ ತಿರುಗಬೇಕಲ್ಲ. ದೊಡ್ಡ ಊರಿನ ವಾರಗಳ ನಡುವಿನ ಖಾಲಿ ದಿನಗಳನ್ನು ಹಳ್ಳಿಗಳ ಸಣ್ಣ ಸಂತೆಗಳು ತುಂಬುತ್ತವೆ. ಹೀಗೆ ತಿರುಗುವವರ ಬಳಿ ಹೋದ ವಾರ ಕೊಂಡ ಸಾಮಾನು ಕೆಟ್ಟರೆ ಈ ವಾರ ಬದಲಿಸಿಕೊಳ್ಳಬಹುದು. ಅವರಿಗೆ ಅದೇ ಜಾಗ, ನಮಗೆ ಅದೇ ಮುಖ. ರಸೀದಿ ಇಲ್ಲದ ವ್ಯಾಪಾರಕ್ಕೆ ಇದಕ್ಕಿಂತ ದೊಡ್ಡ ಗ್ಯಾರಂಟಿ ಬೇಕಿಲ್ಲ.

ತರಕಾರಿ ಸಾಲಿನಲ್ಲಿ ಮಾತ್ರ ಎದುರಿಗೆ ಕೂತವರು ಯಾರು ಎಂದು ನೋಡಿಕೊಳ್ಳಬೇಕು. ಹೊಲದಿಂದ ನೇರ ಬಂದವರ ಮುಂದೆ ಒಂದೋ ಎರಡೋ ಪದಾರ್ಥ ಇರುತ್ತದೆ: ಒಂದು ಗೋಣಿತಟ್ಟಿನ ಮೇಲೆ ಹೀರೇಕಾಯಿ, ಪಕ್ಕದಲ್ಲಿ ಪುಂಡಿಪಲ್ಯದ ಸೂಡು. ಕಾಯಿಗಳು ಸಣ್ಣವು ದೊಡ್ಡವು ಕಲಸಿಕೊಂಡಿರುತ್ತವೆ. ಹತ್ತು ಹನ್ನೆರಡು ಬಗೆಯನ್ನು ಗಾತ್ರ ನೋಡಿ ಆರಿಸಿ ಜೋಡಿಸಿಟ್ಟವರು ಕೊಂಡು ಮಾರುವವರು. ಅವರು ನಸುಕಿನಲ್ಲೇ ತರಕಾರಿ ಸವಾಲಿಗೆ ಹೋಗಿ ಬಂದಿರುತ್ತಾರೆ. ದಲಾಲರು ಬುಟ್ಟಿ, ಕ್ರೇಟು, ಚೀಲದ ಲೆಕ್ಕದಲ್ಲಿ ಕೂಗುವ ಸವಾಲಿನ ದರವೇ ಆ ದಿನದ ಸಂತೆಯ ಮೊದಲ ದರ. ಅದರ ಮೇಲೆ ಹಮಾಲಿ, ಗಾಡಿ ಬಾಡಿಗೆ, ಸಂತೆ ಕರ, ಕೊಳೆತು ಹೋಗುವ ಭಾಗ, ಕೊನೆಗೆ ಲಾಭ ಕೂಡಿ ನಮ್ಮ ಚೀಲಕ್ಕೆ ಬೀಳುತ್ತದೆ. ಹೊಲದವರು ಸವಾಲಿಗೆ ಹಾಕದೆ ತಾವೇ ಕುಳಿತರೆ ದಲಾಲಿ ಉಳಿಯುತ್ತದೆ, ಆದರೆ ಒಂದು ದಿನದ ದುಡಿಮೆ ಹೋಗುತ್ತದೆ. ಎರಡು ಬುಟ್ಟಿ ಇದ್ದವರಿಗೆ ಕೂರುವುದು ಲಾಭ, ಇಪ್ಪತ್ತು ಬುಟ್ಟಿ ಇದ್ದವರಿಗೆ ಸವಾಲೇ ಗತಿ.

ತಮಿಳುನಾಡಿನ ಉಳವರ್ ಸಂದೈ, ಆಂಧ್ರದ ರೈತು ಬಜಾರ್‌ಗಳು 1999ರಲ್ಲಿ ಶುರುವಾದಾಗ ರೈತರ ಗುರುತಿನ ಚೀಟಿ ಇದ್ದವರಿಗಷ್ಟೇ ಜಾಗ ಎಂಬ ನಿಯಮ ಮಾಡಿದರು. ನಮ್ಮ ವಾರದ ಸಂತೆಗೆ ಅಂಥ ಬಾಗಿಲಿಲ್ಲ, ಹೊಲದವರೂ ಕೊಂಡು ಮಾರುವವರೂ ಒಂದೇ ಸಾಲಿನಲ್ಲಿ ಕೂರುತ್ತಾರೆ. ನನ್ನ ಮಟ್ಟಿಗೆ ಅದೇ ಸರಿ. ಈ ಬಿಸಿಲು ಸೀಮೆಯಲ್ಲಿ ಬೇಸಿಗೆಯ ನಾಲ್ಕು ತಿಂಗಳು ಹೊರಗಿನಿಂದ ತರಕಾರಿ ತಂದು ಮಾರುವವರಿಲ್ಲದಿದ್ದರೆ ಸಂತೆಯ ಅರ್ಧ ಸಾಲು ಖಾಲಿ.

ಇನ್ನು ಹೊತ್ತಿನ ಮಾತು. ಬೆಳಿಗ್ಗೆ ಮಾಲು ತಾಜಾ, ದರ ಬಿಗಿ. ಖಾನಾವಳಿ, ಮದುವೆ ಮನೆಯವರು ಆಗಲೇ ಬರುತ್ತಾರೆ. ಹಳ್ಳಿಯ ಬಸ್ಸುಗಳು ಬಂದ ಮೇಲೆ ನಡು ಮಧ್ಯಾಹ್ನದ ತನಕ ಗದ್ದಲ. ಸಂಜೆಗೆ ಸೊಪ್ಪು, ಟೊಮ್ಯಾಟೊದಂಥ ತಡೆಯದ ಮಾಲಿನ ದರ ಇಳಿಯಲೇಬೇಕು, ಏಕೆಂದರೆ ಹಳ್ಳಿಯ ಕಡೆಯ ಬಸ್ಸು ಹೊರಡುವುದರೊಳಗೆ ಬುಟ್ಟಿ ಖಾಲಿಯಾಗಬೇಕು. ಉಳ್ಳಾಗಡ್ಡಿ, ಬಳ್ಳೊಳ್ಳಿಗೆ ಈ ಲೆಕ್ಕ ನಡೆಯದು. ಅವು ನಾಳೆಯ ಊರಿನ ಸಂತೆಗೆ ಹೋಗುತ್ತವೆ. ಆದ್ದರಿಂದ ಉಳ್ಳಾಗಡ್ಡಿಗಾಗಿ ಸಂಜೆಯವರೆಗೆ ಕಾಯುವುದು ದಂಡ.

ದರ ಅಲುಗಾಡಿಸುವ ಇನ್ನೊಂದು ಸಂಗತಿ ಬಟವಾಡೆ. ಕೂಲಿಯನ್ನು ವಾರಕ್ಕೊಮ್ಮೆ, ಸಂತೆ ನೋಡಿಕೊಂಡು ಕೊಡುವ ರೂಢಿ ಈ ಕಡೆ ಇನ್ನೂ ಇದೆ. ನಾಟಿ, ಹತ್ತಿ ಬಿಡಿಸುವ ಕಾಲದಲ್ಲಿ ಕೈಯಲ್ಲಿ ದುಡ್ಡು ಓಡಾಡುತ್ತದೆ, ಸಂತೆ ಬಿರುಸು. ಕಾಲುವೆಗೆ ನೀರು ನಿಂತು ಜನ ಬೆಂಗಳೂರಿನ ಕಡೆ ಗುಳೆ ಹೊರಟ ತಿಂಗಳುಗಳಲ್ಲಿ ಅದೇ ಸಾಲುಗಳು ತೆಳ್ಳಗಾಗುತ್ತವೆ. ನಾಗರ ಪಂಚಮಿ, ಎಳ್ಳಮವಾಸ್ಯೆಯ ಹಿಂದಿನ ವಾರ ಬೆಲ್ಲ, ಶೇಂಗಾ, ಎಳ್ಳು, ಒಣಕೊಬ್ಬರಿ ತುಟ್ಟಿ. ಒಂದು ವಾರ ಮುಂಚೆ ತಂದಿಟ್ಟುಕೊಂಡವರು ಜಾಣರು.

ಚೌಕಾಶಿಗೂ ಒಂದು ರೀತಿಯಿದೆ. ಪುಂಡಿಪಲ್ಯದ ಮುಂದೆ ನಡೆಯುವ ಮಾತು ಸಾಮಾನ್ಯವಾಗಿ ಹೀಗೆ:

“ಯವ್ವಾ, ಪಲ್ಯ ಹ್ಯಾಂಗ?”

“ಹತ್ತಕ್ಕ ಎರಡು ಸೂಡು, ತಂಗಿ.”

“ಮೂರು ಹಾಕಬೇ.”

“ಬೋಣಿ ಆಗಿಲ್ಲವ್ವಾ, ಎರಡೂವರಿ ತಗೋ.”

ಹಾಗೆನ್ನುತ್ತ ಆಕೆ ಮೂರನೆಯ ಸೂಡಿನ ದಾರ ಸಡಿಲಿಸಿ, ಅರ್ಧ ಹಿಡಿ ತೆಗೆದು ಚೀಲಕ್ಕೆ ಹಾಕಿ, ಉಳಿದದ್ದನ್ನು ಮತ್ತೆ ಕಟ್ಟಿ ನೀರು ಚಿಮುಕಿಸಿ ಇಡುತ್ತಾಳೆ. ಕೊಟ್ಟ ಆ ಅರ್ಧ ಹಿಡಿಗೆ ಕೊಸರು ಎನ್ನುತ್ತಾರೆ. ದರ ಇಳಿಸಲು ಒಪ್ಪದವರೂ ಕೊಸರು ಕೊಡುತ್ತಾರೆ, ಏಕೆಂದರೆ ದರ ಇಳಿದದ್ದು ಪಕ್ಕದವರ ಕಿವಿಗೂ ಬೀಳುತ್ತದೆ, ಕೊಸರು ಬೀಳುವುದಿಲ್ಲ. ಮೊದಲ ವ್ಯಾಪಾರವಾದ ಬೋಣಿಯನ್ನು ಬಿಟ್ಟುಕೊಡುವುದು ಅಪಶಕುನ, ಹಾಗಾಗಿ ಬೇಗ ಹೋದವರಿಗೆ ದರ ಬಿಗಿಯಿದ್ದರೂ ಕೊಸರಿನ ಅದೃಷ್ಟ ಇರುತ್ತದೆ. ಕುರಿ, ಎತ್ತಿನ ವ್ಯಾಪಾರದ ಗುಟ್ಟು ಇನ್ನೂ ಬಿಗಿ. ಟವೆಲ್ಲಿನ ಕೆಳಗೆ ಇಬ್ಬರ ಕೈ ಸೇರಿ, ಹಿಡಿದ ಬೆರಳುಗಳಲ್ಲೇ ಸಾವಿರ, ನೂರುಗಳ ಮಾತು ಮುಗಿಯುತ್ತದೆ. ಸುತ್ತ ನಿಂತವರಿಗೆ ತಲೆ ಅಲ್ಲಾಡಿಸಿದ್ದಷ್ಟೇ ಕಾಣುತ್ತದೆ.

ತೂಕದಲ್ಲಿ ಮಾತ್ರ ದಾಕ್ಷಿಣ್ಯ ಬೇಡ. ಕಾನೂನು ಮಾಪನಶಾಸ್ತ್ರ ನಿಯಮಗಳಂತೆ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ, ಕಬ್ಬಿಣದ ಬಟ್ಟುಗಳಿಗೆ ಎರಡು ವರ್ಷಕ್ಕೊಮ್ಮೆ ಮುದ್ರೆ ಬೀಳಬೇಕು. ಕಲ್ಲಿನ ತುಂಡನ್ನು ಬಟ್ಟಾಗಿ ಇಟ್ಟಿದ್ದರೆ ತೂಗಿಸಿಕೊಳ್ಳಬೇಡಿ. ಗುಂಪಿಯ ಲೆಕ್ಕದಲ್ಲಿ ಕೊಳ್ಳಿ, ಕಣ್ಣಿಗೆ ಕಂಡಷ್ಟು ಸಿಗುತ್ತದೆ.

ಕೊಳ್ಳುವುದಷ್ಟೇ ಸಂತೆಯ ಕೆಲಸವಾಗಿದ್ದರೆ ಊರೂರಿಗೆ ಕಿರಾಣಿ ಅಂಗಡಿ ಬಂದ ದಿನವೇ ಅದು ಮುಗಿಯಬೇಕಿತ್ತು. ಜನ ವಾರದ ದಿನಕ್ಕೇ ಬ್ಯಾಂಕು, ದವಾಖಾನೆ, ಪಹಣಿ, ಕುಡುಗೋಲು ಹದ ಹಾಕಿಸುವ ಕೆಲಸಗಳನ್ನೆಲ್ಲ ಕೂಡಿಟ್ಟಿರುತ್ತಾರೆ. ಮಸ್ಕಿ 2018ರಲ್ಲಿ ತಾಲ್ಲೂಕು ಕೇಂದ್ರವಾದ ಮೇಲೆ ಕಚೇರಿ ಕೆಲಸಕ್ಕೆ ಲಿಂಗಸುಗೂರಿಗೆ ಹೋಗಿ ಅಲ್ಲೇ ಸಂತೆ ಮಾಡಿಕೊಂಡು ಬರುವ ಅಗತ್ಯ ಸುತ್ತಲ ಹಳ್ಳಿಗಳಿಗೆ ಉಳಿಯಲಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತವಾಗಿ, ಎರಡು ಬುಟ್ಟಿ ಸೊಪ್ಪಿನ ಲಾಭದಲ್ಲಿ ಟಿಕೆಟ್ಟಿನ ಖರ್ಚು ಕಳೆಯಬೇಕಿಲ್ಲ. ಹೆಣ್ಣು ಗಂಡಿನ ವಿಚಾರ, ಸಾವಿನ ಸುದ್ದಿ, ಟ್ರ್ಯಾಕ್ಟರ್ ಬಾಡಿಗೆ, ನಾಟಿಗೆ ಆಳು, ಎಲ್ಲವೂ ಒಗ್ಗರಣೆ-ಮಿರ್ಚಿ ಬಂಡಿಯ ಸುತ್ತ ಇತ್ಯರ್ಥವಾಗುತ್ತವೆ. ಸಿಂಧನೂರಿನಲ್ಲಿ ಈ ಮಾತುಕತೆಗೆ ಹಲವು ಭಾಷೆ. ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ಕ್ಯಾಂಪು ಕಟ್ಟಿದವರ ತೆಲುಗು, ಪೂರ್ವ ಪಾಕಿಸ್ತಾನ ಬಿಟ್ಟು ಬಂದು ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆಸಿದ ಕುಟುಂಬಗಳ ಬಂಗಾಳಿ, ಪೇಟೆಯ ಉರ್ದು, ಇವೆಲ್ಲ ನಮ್ಮ ಕನ್ನಡದ ಜೊತೆ ಒಂದೇ ಸಾಲಿನಲ್ಲಿ ಕೇಳುತ್ತವೆ.

ಕೊನೆಯದು ಕರ. ಸಿಂಧನೂರಿನಲ್ಲಿ ನಗರಸಭೆ, ಮಸ್ಕಿ, ಲಿಂಗಸುಗೂರಿನಲ್ಲಿ ಪುರಸಭೆ. ಸಂತೆ ಕರ ವಸೂಲಿಯ ಹಕ್ಕನ್ನು ವರ್ಷಕ್ಕೊಮ್ಮೆ ಹರಾಜು ಹಾಕುವುದು ನಮ್ಮ ಸ್ಥಳೀಯ ಸಂಸ್ಥೆಗಳಲ್ಲಿ ಬಹುಕಾಲದ ಪದ್ಧತಿ. ಹರಾಜು ಹಿಡಿದ ಗುತ್ತಿಗೆದಾರ ಸಂಸ್ಥೆಗೆ ಇಡಿಗಂಟು ಕಟ್ಟಿ, ಬುಟ್ಟಿಗಿಷ್ಟು, ಗಾಡಿಗಿಷ್ಟು ಎಂದು ಮಾರುವವರಿಂದ ವಸೂಲಿ ಮಾಡುತ್ತಾನೆ. ಎಷ್ಟು ವಸೂಲಿ ಮಾಡಬಹುದು ಎಂಬುದನ್ನು ಗೊತ್ತುಮಾಡುವುದು ಸಂಸ್ಥೆ, ಗುತ್ತಿಗೆದಾರನಲ್ಲ. ದರಪಟ್ಟಿಯ ಹಲಗೆ ಸಂತೆಯ ಬಾಯಲ್ಲಿ ಎದ್ದು ಕಾಣುವಂತಿರಬೇಕು. ಅದಿಲ್ಲದ ಕಡೆ ಐದು ಹತ್ತಾಗುವುದು ಸುಲಭ. ಪಾಪ, ಎರಡು ಸೂಡು ಮಾರಿದ ಮುದುಕಿಯ ಪರವಾಗಿ ಅಲ್ಲಿ ಯಾರು ವಾದ ಹೂಡುತ್ತಾರೆ?

ಸಾರ್ವಜನಿಕ ಜಾಗದಲ್ಲಿ ಕುಳಿತು ಮಾರುವವರ ಬೆನ್ನಿಗೆ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಇದೆ. ಅದರಂತೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ರಷ್ಟು ಸ್ಥಾನ ವ್ಯಾಪಾರಿಗಳಿಗೇ ಮೀಸಲು. ಎಬ್ಬಿಸುವ ಮೊದಲು 30 ದಿನದ ನೋಟಿಸು ಕೊಡಬೇಕು. ಜಪ್ತಿ ಮಾಡಿದ ಮಾಲು ಕೊಳೆಯುವಂಥದ್ದಾದರೆ ಕೇಳಿದ ದಿನವೇ ಹಿಂದಿರುಗಿಸಬೇಕು. ಐವತ್ತು ವರ್ಷ ಮೀರಿ ನಡೆದುಬಂದ ಸಹಜ ಮಾರುಕಟ್ಟೆಯನ್ನು ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕು, ಅಲ್ಲಿನ ವ್ಯಾಪಾರಿಗಳನ್ನು ಬೇರೆಡೆಗೆ ಕಳಿಸುವಂತಿಲ್ಲ ಎಂದೂ ಅದೇ ಕಾಯ್ದೆಯ ಅನುಸೂಚಿ ಹೇಳುತ್ತದೆ. ರಸ್ತೆ ಅಗಲೀಕರಣದ ಮಾತು ಬಂದಾಗಲೆಲ್ಲ ಸಂತೆಯನ್ನು ಊರ ಹೊರಗೆ ಹಾಕೋಣ ಎನ್ನುವವರಿಗೆ ಇದನ್ನು ತೋರಿಸಬೇಕು.

ಕರ ಕಟ್ಟಿದವರಿಗೆ ಪ್ರತಿಯಾಗಿ ನೆರಳು, ಕುಡಿಯುವ ನೀರು, ಹೆಂಗಸರಿಗೆ ಶೌಚಾಲಯ ಸಿಗಬೇಕು. ಬೆಳಗಿನಿಂದ ಸಂಜೆಯ ತನಕ ಕೂರುವವರಲ್ಲಿ ಹೆಚ್ಚಿನವರು ಹೆಂಗಸರು, ಎದ್ದು ಹೋಗಲು ಜಾಗವಿಲ್ಲ ಎಂದು ನೀರು ಕುಡಿಯುವುದನ್ನೇ ಬಿಡುವವರು ಅವರಲ್ಲಿದ್ದಾರೆ. ನೀವು ಮಾರುವವರಾದರೆ ಕರ ಕೊಟ್ಟಾಗಲೆಲ್ಲ ಅಚ್ಚು ಹಾಕಿದ, ಸಂಖ್ಯೆಯಿರುವ ರಸೀದಿ ಕೇಳಿ, ವರ್ಷವಿಡೀ ಜೋಪಾನವಾಗಿಡಿ. ಅದೇ ಜಾಗದಲ್ಲಿ ಕೂರುತ್ತಿದ್ದಿರಿ ಎಂಬುದಕ್ಕೂ, ಶೌಚಾಲಯ ಎಲ್ಲಿ ಎಂದು ಮುಂದಿನ ಹರಾಜಿನ ದಿನ ಎದ್ದು ನಿಂತು ಕೇಳುವುದಕ್ಕೂ ಆ ಚೀಟಿಗಳೇ ಆಧಾರ.