ನಿಮಗಿದು ಗೊತ್ತೇ? ಚೋಮ, ದುಗ್ಗಜ್ಜ, ಹುಸೇನ್ ಭಾಯ್: ಮೂವರೂ ಒಬ್ಬರೇ

ನಾಯಕ ನಟರಿಗೆ ಅಭಿಮಾನಿ ಸಂಘಗಳಿವೆ, ಜಾಲತಾಣಗಳಿವೆ. ಆದರೆ ಪೋಷಕ ನಟರು ಯಾವ ಚಿತ್ರದಲ್ಲಿ ಯಾವ ಪಾತ್ರ ಮಾಡಿದರು ಎಂಬ ಪಟ್ಟಿ ಕೂಡ ಒಂದೇ ಕಡೆ ಸಿಗುವುದು ಕಷ್ಟ. ಅಂಥ ನಟ ಎಂ.ವಿ. ವಾಸುದೇವರಾವ್ ಹೆಸರಿನಲ್ಲಿ ಅಭಿಮಾನಿಯೊಬ್ಬರು ಜಾಲತಾಣ ತೆರೆದರೆ ಅದರಲ್ಲಿ ಏನೆಲ್ಲ ಇರಬೇಕು? ಸಾಗರ, ಹೊಸನಗರ, ತೀರ್ಥಹಳ್ಳಿಯ ಓದುಗರಿಗೆ ಇದು ನಮ್ಮೂರಿನ ಸುದ್ದಿಯೂ ಹೌದು.

● ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿಯನ್ನು ಮೊದಲ ಬಾರಿಗೆ ಕನ್ನಡ ಚಿತ್ರಕ್ಕೆ ತಂದುಕೊಟ್ಟವರು ವಾಸುದೇವರಾವ್. ಚಿತ್ರ, ಬಿ.ವಿ. ಕಾರಂತರ ‘ಚೋಮನ ದುಡಿ’ (1975); ಪಾತ್ರ, ಚೋಮ. ಶ್ರೇಷ್ಠ ಚಿತ್ರದ ಸ್ವರ್ಣಕಮಲವೂ ಅದಕ್ಕೇ ಬಂತು.

● ಅದಾದ ಮೇಲೆ ಅವರನ್ನು ಹುಡುಕಿಕೊಂಡು ಬಂದದ್ದು ಬಂಗಾಳದ ಮೃಣಾಲ್ ಸೇನ್! ಪ್ರೇಮಚಂದರ ‘ಕಫನ್’ ಕಥೆಯನ್ನು ಸೇನ್ 1977ರಲ್ಲಿ ‘ಒಕ ಊರಿ ಕಥ’ ಎಂದು ತೆಲುಗಿನಲ್ಲಿ ತೆಗೆದರು. ಮುಖ್ಯ ಪಾತ್ರ ವೆಂಕಯ್ಯನಾಗಿ ನಮ್ಮ ವಾಸುದೇವರಾವ್. ಉಳಲು ಒಂದು ತುಂಡು ಭೂಮಿ ಸಿಕ್ಕರೆ ಸಾಕೆಂದು ಹಂಬಲಿಸಿದವನು ಚೋಮ. ದುಡಿದರೆ ಧಣಿಯ ಹೊಟ್ಟೆಯಷ್ಟೇ ತುಂಬುವುದು ಎಂದು ದುಡಿಯುವುದನ್ನೇ ಬಿಟ್ಟವನು ವೆಂಕಯ್ಯ. ಎರಡು ವರ್ಷದ ಅಂತರದಲ್ಲಿ ಹೀಗೆ ಎದುರುಬದುರಾದ ಇಬ್ಬರು ಬಡವರನ್ನು ಒಬ್ಬನೇ ನಟ ಎರಡು ಭಾಷೆಗಳಲ್ಲಿ ತೆರೆಗೆ ತಂದದ್ದು ಸಣ್ಣ ಮಾತಲ್ಲ. ನನ್ನ ಮಟ್ಟಿಗೆ ಈ ಎರಡು ಚಿತ್ರಗಳನ್ನು ಒಂದರ ಹಿಂದೆ ಒಂದು ನೋಡಿದವರಿಗಷ್ಟೇ ಆ ನಟನ ಅಳತೆ ಸಿಗುತ್ತದೆ.

● ಮಣಿರತ್ನಂ ಅವರ ‘ನಾಯಕನ್’ (1987) ನೋಡಿದ್ದೀರಾ? ಕಮಲ್ ಹಾಸನ್ ಪಾತ್ರವನ್ನು ಎಳೆಯ ವಯಸ್ಸಿನಲ್ಲಿ ಸಾಕಿ ಸಲಹುವ ಹುಸೇನ್ ಭಾಯ್ ವಾಸುದೇವರಾವ್ ಅವರೇ.

● ‘ಚೋಮನ ದುಡಿ’ಯಲ್ಲಿ ಕಾರಂತರಿಗೆ ಸಹಾಯಕ ನಿರ್ದೇಶಕರಾಗಿ ದುಡಿದ ಯುವಕ, ತೀರ್ಥಹಳ್ಳಿ ತಾಲೂಕು ಕೆಸಲೂರಿನ ಗಿರೀಶ್ ಕಾಸರವಳ್ಳಿ. ಹೆಗ್ಗೋಡಿನಲ್ಲಿ ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣ ಕಾಸರವಳ್ಳಿಯವರ ಸೋದರಮಾವ.

● ಕಾಲು ಶತಮಾನ ಕಳೆದ ಮೇಲೆ ಕಾಸರವಳ್ಳಿ ‘ದ್ವೀಪ’ ಮಾಡಿದಾಗ ದುಗ್ಗಜ್ಜನ ಪಾತ್ರಕ್ಕೆ ಕರೆದದ್ದು ಅದೇ ಚೋಮನನ್ನು. ಕಾದಂಬರಿ ಸಾಗರದ ನಾ. ಡಿಸೋಜಾ ಅವರದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಸಾಗರ, ಹೊಸನಗರ ತಾಲೂಕುಗಳ ಊರೂರನ್ನೇ ನುಂಗಿತಲ್ಲ, ಆ ಮುಳುಗಡೆಯ ನೋವೇ ಕಥೆಯ ಹುರುಳು. ಚಿತ್ರಕ್ಕೆ 2001ನೇ ಸಾಲಿನ ಸ್ವರ್ಣಕಮಲ ಸಿಕ್ಕಿತು. ನಿರ್ಮಾಪಕಿಯೂ ನಾಯಕಿಯೂ ಸೌಂದರ್ಯ ಎಂಬುದು ಎಲ್ಲರಿಗೂ ನೆನಪಿದೆ. ಊರು ಬಿಟ್ಟು ಕದಲಲೊಲ್ಲದ ಆ ಮುದುಕನ ಮುಖ ನೆನಪಿದ್ದರೂ ನಟನ ಹೆಸರು ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ.

● ಮಲೆನಾಡಿನ ನಂಟಿನ ಬೇರೆ ನಟರ ಸಂಗತಿಗಳೂ ಕೆಲವಿವೆ. ಕಾಸರವಳ್ಳಿಯವರ ‘ತಬರನ ಕಥೆ’ (1986) ಪೂರ್ಣಚಂದ್ರ ತೇಜಸ್ವಿಯವರ ಕಥೆ. ತಬರನಾಗಿ ರಾಷ್ಟ್ರಪ್ರಶಸ್ತಿ ಪಡೆದ ಚಾರುಹಾಸನ್ ತಮಿಳಿನವರು, ಕಮಲ್ ಹಾಸನ್ ಅವರ ಅಣ್ಣ.

● ಮೇಳಿಗೆಯ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ತೆರೆಗೆ ಬಂದಾಗ ನಾರಣಪ್ಪನಾದವರು ಪಿ. ಲಂಕೇಶ್!

● ಆಗುಂಬೆಯಲ್ಲಿ ಶಂಕರ್‌ನಾಗ್ ಚಿತ್ರಿಸಿದ ‘ಮಾಲ್ಗುಡಿ ಡೇಸ್’ನಲ್ಲಿ ಸ್ವಾಮಿಯ ಅಮ್ಮ ವೈಶಾಲಿ ಕಾಸರವಳ್ಳಿ, ಅಪ್ಪ ಗಿರೀಶ್ ಕಾರ್ನಾಡ್.

● ನೀನಾಸಂನಲ್ಲಿ ಪಳಗಿದ ಅಚ್ಯುತ್ ಕುಮಾರ್ ಅವರನ್ನು ನಾಯಕನ ಅಪ್ಪನಾಗಿ, ಧಣಿಯಾಗಿ ಎಷ್ಟೋ ಚಿತ್ರಗಳಲ್ಲಿ ಕಂಡಿದ್ದೇವೆ. ‘ಅಮರಾವತಿ’ಗಾಗಿ 2016ನೇ ಸಾಲಿನ ರಾಜ್ಯದ ಶ್ರೇಷ್ಠ ನಟ ಪ್ರಶಸ್ತಿ ಪಡೆದವರು ಅವರೇ.

● ಜಾಲತಾಣ ನಡೆಸುವ ಅಭಿಮಾನಿಗಳೇ, ಗಮನಿಸಿ: ನಮ್ಮ ಕಾನೂನಿನಲ್ಲಿ ಚಲನಚಿತ್ರದ ಹಕ್ಕುಸ್ವಾಮ್ಯ ಬಿಡುಗಡೆಯ ಮರುವರ್ಷದಿಂದ ಎಣಿಸಿ 60 ವರ್ಷ ಇರುತ್ತದೆ. ಛಾಯಾಚಿತ್ರಗಳಿಗೆ, ತೆಗೆದವರು ತೀರಿಕೊಂಡ ಮರುವರ್ಷದಿಂದ 60 ವರ್ಷ. ಹಳೆಯದೆಂದು ಇಡೀ ಚಿತ್ರವನ್ನು ಜಾಲತಾಣಕ್ಕೆ ಏರಿಸುವಂತಿಲ್ಲ. ಪಾತ್ರದ ಹೆಸರು, ವರ್ಷ, ನಿರ್ದೇಶಕ, ದನಿ ಕೊಟ್ಟವರು ಯಾರು, ನಟ ಹಿಂದೆ ಯಾವ ನಾಟಕ ಕಂಪನಿಯಲ್ಲಿದ್ದರು ಎಂಬ ವಿವರಗಳಿಗೆ ಯಾರ ಅಪ್ಪಣೆಯೂ ಬೇಡ. ಬೆಲೆಯುಳ್ಳದ್ದೂ ಅದೇ.

ನಿಮ್ಮ ಊರಿನಲ್ಲಿ ಎಂದಾದರೂ ಚಿತ್ರೀಕರಣ ನಡೆದಿತ್ತೇ? ನಿಮ್ಮ ಮನೆಯ ಜಗಲಿಯಲ್ಲಿ ಕುಳಿತು ಪೋಷಕ ನಟರೊಬ್ಬರು ಕಾಫಿ ಕುಡಿದ ಫೋಟೋ ಇದೆಯೇ? ಹಿರಿಯರು ಇರುವಾಗಲೇ ಕೇಳಿ, ಫೋಟೋದ ಹಿಂದೆ ಹೆಸರು, ಊರು, ಇಸವಿ ಇವತ್ತೇ ಬರೆದಿಡಿ.